ಅಕ್ಕಿ ಚೀಲವನ್ನು ಹೊಲಿಗೆ ಯಂತ್ರಕ್ಕೆ ಒಯ್ಯುವ ಕನ್ವೇಯರ್: ವೇಗ ಹೆಚ್ಚಿಸಿದ ಮೇಲೆ ಹೊಲಿಗೆ ಜಾರುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಪ್ಯಾಕಿಂಗ್ ಮೇಲ್ವಿಚಾರಕ, ಕಾರಟಗಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಾರಟಗಿಯ ಸಮೀಪದ ಒಂದು ಅಕ್ಕಿ ಮಿಲ್ಲಿನಲ್ಲಿ ಪ್ಯಾಕಿಂಗ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ದಿನಕ್ಕೆ ಸುಮಾರು 100 ಟನ್ ಸೋನಾ ಮಸೂರಿ ಅಕ್ಕಿ ತಯಾರಾಗುತ್ತದೆ. ಮಿಲ್ಲು ರಾತ್ರಿಯೂ ನಡೆಯುತ್ತದೆ, ಪ್ಯಾಕಿಂಗ್ ಮಾತ್ರ ಹಗಲಿನ ಒಂದೇ ಪಾಳಿಯಲ್ಲಿ ಆಗಬೇಕು, ಏಕೆಂದರೆ ಹಮಾಲರು ಸಿಗುವುದು ಹಗಲಿನಲ್ಲಿ ಮತ್ತು ಲಾರಿಗಳು ಸಂಜೆಯೊಳಗೆ ಬೆಂಗಳೂರಿಗೆ ಹೊರಡಬೇಕು.

ನಮ್ಮ ಲೈನ್ ಹೀಗಿದೆ. ಅಕ್ಕಿ ತುಂಬಿಡುವ ಬಿನ್ನಿನ ಕೆಳಗೆ ತೂಕದ ಹಾಪರ್ (ಕೆಳಗೆ ಬಾಯಿ ತೆರೆಯುವ ತೊಟ್ಟಿ) ಇದೆ. ಅದು 26 ಕೆ.ಜಿ. ಅಕ್ಕಿಯನ್ನು ತನ್ನೊಳಗೇ ತೂಗಿ, ತನ್ನ ಬಾಯಿಗೆ ಸಿಕ್ಕಿಸಿದ ಚೀಲಕ್ಕೆ ಒಮ್ಮೆಲೇ ಸುರಿಯುತ್ತದೆ. ಚೀಲವನ್ನು ಹಿಡಿದಿರುವ ಕ್ಲ್ಯಾಂಪ್ ಬಿಟ್ಟ ಕೂಡಲೇ ಅದು ಕೆಳಗಿನ 4 ಮೀಟರ್ ಉದ್ದದ ಬೆಲ್ಟ್ ಕನ್ವೇಯರ್ ಮೇಲೆ ಇಳಿದು, 2 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗಿ, ಕಂಬಕ್ಕೆ ಕೂರಿಸಿದ ಹೊಲಿಗೆ ಯಂತ್ರದ ಮುಂದೆ ಹಾದುಹೋಗುತ್ತದೆ. ಚೀಲ ಸಿಕ್ಕಿಸಲು ಒಬ್ಬರು, ಬಾಯಿಯನ್ನು ಜೋಡಿಸಿ ಹೊಲಿಗೆಗೆ ಕೊಡಲು ಒಬ್ಬರು ಇರುತ್ತಾರೆ. ಚೀಲ ನುಣುಪಾದ ಬಣ್ಣದ ಮುದ್ರಣವಿರುವ ಬಿಒಪಿಪಿ (ಪ್ಲಾಸ್ಟಿಕ್ ಹಾಳೆ ಹೊದಿಸಿದ) ಚೀಲ, ಬಾಯಿ ಸುಮಾರು 450 ಮಿಲಿಮೀಟರ್ ಅಗಲ.

ಮೊದಲು ನಿಮಿಷಕ್ಕೆ 6 ಚೀಲ ಹೊರಬರುತ್ತಿದ್ದವು. ಅದನ್ನು 10ಕ್ಕೆ ಏರಿಸಬೇಕೆಂದು ಮಾಲೀಕರು ಹೇಳಿದ್ದರಿಂದ ಕಳೆದ ತಿಂಗಳು ಕನ್ವೇಯರಿನ ವಿಎಫ್‌ಡಿಯನ್ನು (ಮೋಟಾರಿನ ವೇಗ ಬದಲಿಸುವ ಸಾಧನ) 31 ಹರ್ಟ್ಸ್‌ನಿಂದ 50ಕ್ಕೆ ಏರಿಸಿದೆವು. ಅಂದಿನಿಂದ ಇಪ್ಪತ್ತು ಚೀಲಗಳಲ್ಲಿ ಒಂದೆರಡರ ಹೊಲಿಗೆ ಕೆಡುತ್ತಿದೆ. ಹೊಲಿಗೆ ಆರಂಭದಲ್ಲಿ ಸರಿಯಾಗಿಯೇ ಇರುತ್ತದೆ. ಚೀಲದ ಹಿಂದಿನ ಮೂಲೆಯ ಹತ್ತಿರ ಬರುವಾಗ ಗೆರೆ ಮೇಲೇರಿ, ಕೊನೆಯ ಮೂರು ಬೆರಳಿನಷ್ಟು ಜಾಗದಲ್ಲಿ ಬಟ್ಟೆಯ ಅಂಚಿನಿಂದ ಹೊರಗೆ ಜಾರಿಬಿಡುತ್ತದೆ. ಹೋದ ವಾರ ಯಶವಂತಪುರದ ಮಾರುಕಟ್ಟೆಯಲ್ಲಿ ಇಳಿಸುವಾಗ ಮೂರು ಚೀಲಗಳ ಬಾಯಿ ಬಿಚ್ಚಿಕೊಂಡು ಅಕ್ಕಿ ನೆಲದ ಪಾಲಾಯಿತು. ವ್ಯಾಪಾರಿ ತೆಗೆದು ಕಳಿಸಿದ ಚಿತ್ರವನ್ನು ನೋಡಿದಾಗ ನನಗೆ ತುಂಬ ನೋವಾಯಿತು.

ಯಂತ್ರ ಮಾರುವವರೊಬ್ಬರು ಬೆಲ್ಟ್ ಬದಲು ಲೋಹದ ಹಲಗೆಗಳ ಸ್ಲ್ಯಾಟ್ ಕನ್ವೇಯರ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಖಾಲಿ ಚೀಲವನ್ನು ತಾನೇ ಎತ್ತಿ ಸಿಕ್ಕಿಸುವ ಪೂರ್ಣ ಸ್ವಯಂಚಾಲಿತ ಲೈನ್ ಕೊಳ್ಳಿ ಎನ್ನುತ್ತಾರೆ. ಅಷ್ಟು ಹಣ ಹಾಕುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯಬೇಕಾಗಿದೆ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ಮಿಲ್ ಫಿಟ್ಟರ್, ಸಿಂಧನೂರು

ಸರ್, ನಮಸ್ಕಾರ. ನೀವು ರೋಗದ ಲಕ್ಷಣವನ್ನು ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಬೆಲ್ಟ್ ಹೊಲಿಗೆ ಯಂತ್ರಕ್ಕಿಂತ ಬೇಗ ಓಡುತ್ತಿದೆ.

ಹೊಲಿಗೆ ಹೆಡ್ಡಿನ (ಹೊಲಿಗೆ ಯಂತ್ರದ ಸೂಜಿಯಿರುವ ಭಾಗ) ಒಳಗೆ ಹಲ್ಲುಗಳಿರುವ ಒಂದು ಪಟ್ಟಿ ಇದೆ. ಸೂಜಿ ಒಮ್ಮೆ ಇಳಿದು ಏಳುವಷ್ಟರಲ್ಲಿ ಅದು ಚೀಲದ ಬಾಯಿಯನ್ನು ಒಂದು ಹೊಲಿಗೆಯ ಉದ್ದದಷ್ಟು ಮಾತ್ರ ಮುಂದಕ್ಕೆ ಎಳೆಯುತ್ತದೆ. ಒಂದು ಹೊಲಿಗೆ 8 ಮಿಲಿಮೀಟರ್ ಇದ್ದು, ಹೆಡ್ ನಿಮಿಷಕ್ಕೆ 1400 ಸುತ್ತು ತಿರುಗುತ್ತಿದ್ದರೆ, ಚೀಲದ ಬಾಯಿ ನಿಮಿಷಕ್ಕೆ 11.2 ಮೀಟರ್ ಸಾಗುತ್ತದೆ. ಬೆಲ್ಟ್ ಎಷ್ಟೇ ಅವಸರಪಟ್ಟರೂ ಬಾಯಿಯ ವೇಗ ಅಷ್ಟೇ. ಈಗ ಚೀಲದ ತಳ ಬೆಲ್ಟಿನೊಂದಿಗೆ ಮುಂದೆ ಓಡುತ್ತದೆ, ಬಾಯಿ ಹೆಡ್ಡಿನ ಹಿಡಿತದಲ್ಲಿ ಹಿಂದೆ ಉಳಿಯುತ್ತದೆ, ಚೀಲ ಹಿಂದಕ್ಕೆ ವಾಲುತ್ತದೆ. ವಾಲಿದಾಗ ಬಾಯಿಯ ಮುಂದಿನ ಮೂಲೆ ಮೇಲೇಳುತ್ತದೆ, ಹಿಂದಿನ ಮೂಲೆ ಕೆಳಗಿಳಿಯುತ್ತದೆ. ಸೂಜಿ ಇದ್ದಲ್ಲೇ ಇರುವುದರಿಂದ ಕೊನೆಯಲ್ಲಿ ಅದಕ್ಕೆ ಬಟ್ಟೆಯೇ ಸಿಗುವುದಿಲ್ಲ. ನೀವು ಹೇಳುವ ಮೂರು ಬೆರಳಿನ ಜಾಗ ಅದೇ. ಬೆಲ್ಟ್ ನಿಧಾನವಾಗಿದ್ದರೆ ಇದರ ತದ್ವಿರುದ್ಧ ಆಗುತ್ತದೆ: ಗೆರೆ ಕೊನೆಯಲ್ಲಿ ಕೆಳಗಿಳಿದು ಅಕ್ಕಿಯ ಕಡೆಗೆ ಹೋಗುತ್ತದೆ. ಆದ್ದರಿಂದ ಕೆಟ್ಟ ಚೀಲವನ್ನು ಕೈಯಲ್ಲಿ ಹಿಡಿದು ಹೊಲಿಗೆಯ ಗೆರೆ ಯಾವ ಕಡೆಗೆ ಹೋಗಿದೆ ಎಂದು ನೋಡಿದರೆ, ಯಂತ್ರದ ಹತ್ತಿರ ಹೋಗದೆಯೇ ತಪ್ಪು ತಿಳಿಯುತ್ತದೆ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಅಳೆದು ನೋಡಿ. ಹಳೆಯ ಚೀಲದಿಂದ ಸರಿಯಾಗಿ 1 ಮೀಟರ್ ಉದ್ದದ ಎರಡು ಪದರದ ಪಟ್ಟಿಯನ್ನು ಕತ್ತರಿಸಿ, ಕೈಯಿಂದ ಎಳೆಯದೆ, ತಳ್ಳದೆ, ಸುಮ್ಮನೆ ಹೆಡ್ಡಿಗೆ ಕೊಡಿ. ಅದು ಪೂರ್ತಿ ಹೊರಬರಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಬೆಲ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದು 3 ಮೀಟರ್ ಸಾಗಲು ಹಿಡಿಯುವ ಹೊತ್ತನ್ನು ಅಳೆಯಿರಿ. ಖಾಲಿ ಬೆಲ್ಟಿನಲ್ಲಿ ಒಮ್ಮೆ, ಮೂರು ತುಂಬಿದ ಚೀಲಗಳನ್ನು ಹೊತ್ತಿರುವಾಗ ಒಮ್ಮೆ ಅಳೆಯುವುದು ಮುಖ್ಯ. ನಮ್ಮಲ್ಲಿ ಒಮ್ಮೆ ಖಾಲಿಯಿದ್ದಾಗ ಎರಡೂ ಲೆಕ್ಕ ಸರಿಯಾಗಿ ಕೂಡಿಬಂದವು, ಆದರೆ ಚೀಲ ಬಿದ್ದ ಕೂಡಲೇ ಬೆಲ್ಟ್ ಹಿಂದೆ ಬೀಳುತ್ತಿತ್ತು. ಬೆಲ್ಟನ್ನು ಎಳೆಯುವ ಡ್ರೈವ್ ಡ್ರಮ್ಮಿನ ರಬ್ಬರಿನ ಮೇಲೆ ತೌಡಿನ ಧೂಳು ಹತ್ತಿ ಬೆಣ್ಣೆಯಂತೆ ನುಣುಪಾಗಿತ್ತು. ಒರಸಿ, ಬೆಲ್ಟನ್ನು ತುಸು ಬಿಗಿ ಮಾಡಿದ ಮೇಲೆ ಸರಿಹೋಯಿತು.

ಎರಡು ವೇಗಗಳು ಒಂದೇ ಆಗುವವರೆಗೆ ವಿಎಫ್‌ಡಿಯನ್ನು ಇಳಿಸಿ. ನನ್ನ ಅಂದಾಜಿನಲ್ಲಿ ನೀವು ಮೊದಲಿದ್ದ 31 ಹರ್ಟ್ಸ್‌ಗೇ ಮರಳಿ ಬರುತ್ತೀರಿ. ಮೊದಲು ಕೂರಿಸಿದವರು ಆ ಸಂಖ್ಯೆಯನ್ನು ಸುಮ್ಮನೆ ಇಟ್ಟಿರಲಾರರು.

ಹೊಲಿಗೆಯ ಕೊನೆಯಲ್ಲಿ ಬಾಲದಂತೆ ಉಳಿಯುವ ದಾರದ ಸರಪಳಿಯನ್ನೂ ಗಮನಿಸಿ. ಚೈನ್ ಹೊಲಿಗೆ ಮುಗಿದ ತುದಿಯಿಂದ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಆ ಬಾಲ ಎರಡು ಇಂಚಾದರೂ ಇರಬೇಕು. ನೋಡಲು ಚೆನ್ನಾಗಿರಲಿ ಎಂದು ಕೆಲವರು ಅಂಚಿಗೇ ಕತ್ತರಿಸುತ್ತಾರೆ, ಹಾಗೆ ಮಾಡಿದರೆ ಗೆರೆ ನೇರವಾಗಿದ್ದರೂ ಬಾಯಿ ಬಿಚ್ಚುತ್ತದೆ.

ಉತ್ತರ 2: ಕನ್ವೇಯರ್ ತಯಾರಕ, ಪೀಣ್ಯ, ಬೆಂಗಳೂರು

ಸಿಂಧನೂರಿನ ಮಿತ್ರರು ಹೇಳಿರುವುದು ಸರಿಯಾಗಿದೆ. ಕನ್ವೇಯರ್ ಮಾರುವವನಾಗಿಯೂ ನಾನು ಹೇಳುತ್ತೇನೆ, ಈಗ ನೀವು ಹೊಸ ಕನ್ವೇಯರ್ ಕೊಳ್ಳಬೇಕಾಗಿಲ್ಲ.

ಮೊದಲು ನಿಮ್ಮ ಅಗತ್ಯವನ್ನೇ ಲೆಕ್ಕ ಹಾಕೋಣ. ದಿನಕ್ಕೆ 100 ಟನ್ ಎಂದರೆ 26 ಕೆ.ಜಿ.ಯ ಸುಮಾರು 3,850 ಚೀಲಗಳು. ಊಟ, ಚಹಾ, ದಾರ ಬದಲಿಸುವುದು ಎಲ್ಲ ಕಳೆದು ಪಾಳಿಯಲ್ಲಿ 480 ನಿಮಿಷಗಳ ನಿಜವಾದ ಕೆಲಸ ಸಿಕ್ಕಿದರೆ, ನಿಮಿಷಕ್ಕೆ 8 ಚೀಲ ಸಾಕು. ಹತ್ತು ಬೇಕಾಗಿಲ್ಲ. ಇನ್ನು ಬೆಲ್ಟ್ ನಿಮಿಷಕ್ಕೆ 11.2 ಮೀಟರ್ ಓಡುತ್ತಿದ್ದು ನಿಮಿಷಕ್ಕೆ 8 ಚೀಲ ಇಳಿದರೆ, ಒಂದು ಚೀಲದ ಮುಂಭಾಗದಿಂದ ಮುಂದಿನದರ ಮುಂಭಾಗಕ್ಕೆ 1.4 ಮೀಟರ್ ಅಂತರವಿರುತ್ತದೆ. ನಿಮ್ಮ ಚೀಲದ ಅಗಲ ಅರ್ಧ ಮೀಟರಿಗೂ ಕಡಿಮೆ. ಅಂದರೆ ನಡುವೆ ಇನ್ನೂ ಎರಡು ಚೀಲ ನಿಲ್ಲುವಷ್ಟು ಜಾಗ ಖಾಲಿ ಇದೆ. ಹೊಲಿಗೆಗೆ ಬೇಕಾದದ್ದು ಚೀಲಕ್ಕೆ ಎರಡೂವರೆ ಸೆಕೆಂಡ್ ಮಾತ್ರ. ಹಾಗಾದರೆ ಚೀಲಗಳ ಸಂಖ್ಯೆಯನ್ನು ತಡೆಹಿಡಿದಿರುವುದು ಬೆಲ್ಟೂ ಅಲ್ಲ, ಹೊಲಿಗೆಯೂ ಅಲ್ಲ. ಚೀಲ ತುಂಬುವ ಬಾಯಿಯಲ್ಲಿ ಹೊತ್ತು ಹೋಗುತ್ತಿದೆ. ಬೆಲ್ಟಿನ ವೇಗ ಹೆಚ್ಚಿಸಿದ್ದರಿಂದ ಚೀಲಗಳ ನಡುವಿನ ಖಾಲಿ ಜಾಗ ಹೆಚ್ಚಿತೇ ಹೊರತು ಚೀಲಗಳು ಹೆಚ್ಚಲಿಲ್ಲ, ಜೊತೆಗೆ ಬಾಯಿ ಜೋಡಿಸುವವರ ಕೈಗೆ ಸಿಗುತ್ತಿದ್ದ ಸಮಯವೂ ಕಡಿಮೆಯಾಯಿತು.

ಆದ್ದರಿಂದ ತುಂಬುವ ಜಾಗವನ್ನು ನೋಡಿ. ಹಾಪರ್ ಮುಂದಿನ 26 ಕೆ.ಜಿ.ಯನ್ನು ಯಾವಾಗ ತೂಗಲು ಆರಂಭಿಸುತ್ತದೆ? ಹೊಸ ಚೀಲ ಸಿಕ್ಕಿಸಿದ ಮೇಲೆಯೇ ಎಂದಾದರೆ ಪ್ರತಿ ಚೀಲಕ್ಕೂ ಕೆಲವು ಸೆಕೆಂಡ್ ವ್ಯರ್ಥ. ಚೀಲ ಬದಲಿಸುವ ಹೊತ್ತಿನಲ್ಲೇ ತೂಕ ಸಿದ್ಧವಾಗುವಂತೆ ನಿಯಂತ್ರಕದಲ್ಲಿ ಬದಲಾಯಿಸಲು ಸಾಮಾನ್ಯವಾಗಿ ಸಾಧ್ಯವಿರುತ್ತದೆ. ತೂಕದ ಯಂತ್ರದ ಮೆಕ್ಯಾನಿಕ್‌ನಿಂದಲೇ ಮಾಡಿಸಿ.

ಇನ್ನೊಂದು ವಿಷಯ, ಚೀಲ ಇಳಿಯುವ ಎತ್ತರ. ಕ್ಲ್ಯಾಂಪ್ ಬಿಟ್ಟಾಗ ಚೀಲ ಒಂದು ಗೇಣು ಕೆಳಗೆ ಬಿದ್ದರೆ ತಳ ಉಬ್ಬುತ್ತದೆ, ಬಾಯಿ ಕುಸಿದು ಮಡಚಿಕೊಳ್ಳುತ್ತದೆ. ಹಾಗೆ ಮಡಚಿದ ಬಾಯಿಯನ್ನು ನೆಟ್ಟಗೆ ಮಾಡುವುದರಲ್ಲೇ ಕೆಲಸಗಾರರ ಶ್ರಮ ಹೋಗುತ್ತದೆ. ನಿಮ್ಮದು ಹಾಪರಿನಲ್ಲಿ ತೂಗುವ ಯಂತ್ರವಾದ್ದರಿಂದ ತುಂಬುವಾಗ ಚೀಲದ ತಳ ಬೆಲ್ಟಿಗೆ ತಾಗಿದರೂ ತೂಕಕ್ಕೆ ತೊಂದರೆ ಇಲ್ಲ. ಚೀಲವನ್ನೇ ತೂಗುಹಾಕಿ ತೂಗುವ ಯಂತ್ರ ಇರುವವರು ಮಾತ್ರ ಹೀಗೆ ಮಾಡಬಾರದು, ಅವರಲ್ಲಿ ತಳ ಎಲ್ಲಿಗೂ ತಾಗುವಂತಿಲ್ಲ. ನೀವು ಕನ್ವೇಯರನ್ನು ಕಾಲಿನ ಬೋಲ್ಟುಗಳಿಂದ ಎತ್ತರಿಸಿ, ತುಂಬಿದ ಚೀಲದ ತಳ ಬೆಲ್ಟಿನ ಮೇಲೆ ಕುಳಿತಿರುವಂತೆ ಮಾಡಿ, ಹೊಲಿಗೆ ಹೆಡ್ಡನ್ನೂ ಕಂಬದ ಮೇಲೆ ಅಷ್ಟೇ ಏರಿಸಿ.

ಆದರೆ ಆಗ ಓಡುತ್ತಿರುವ ಬೆಲ್ಟ್ ಕ್ಲ್ಯಾಂಪಿನಲ್ಲಿರುವ ಚೀಲವನ್ನು ಎಳೆಯುತ್ತದೆ. ಇದಕ್ಕೆ ಸರಿಯಾದ ಪರಿಹಾರವೆಂದರೆ ಹಾಪರಿನ ಬಾಯಿಯ ಕೆಳಗೆ ಒಂದು ಮೀಟರಿನಷ್ಟು ಉದ್ದದ ಪ್ರತ್ಯೇಕ ಕಿರು ಕನ್ವೇಯರ್. ತುಂಬುವಾಗ ಅದು ನಿಂತಿರುತ್ತದೆ, ಕ್ಲ್ಯಾಂಪ್ ಬಿಟ್ಟ ಸಂಕೇತಕ್ಕೆ ಓಡಿ, ಚೀಲವನ್ನು ಉದ್ದನೆಯ ಬೆಲ್ಟಿಗೆ ಒಪ್ಪಿಸಿ ಮತ್ತೆ ನಿಲ್ಲುತ್ತದೆ. ಉದ್ದನೆಯ ಬೆಲ್ಟ್ ಮಾತ್ರ ಹೊಲಿಗೆಯ ವೇಗದಲ್ಲಿ ಬಿಡದೆ ಓಡುತ್ತಿರುತ್ತದೆ. ಎರಡರ ವೇಗವೂ ಒಂದೇ ಇರಲಿ, ನಡುವಿನ ಸಂದು ಆದಷ್ಟು ಕಿರಿದಾಗಿರಲಿ, ಇಲ್ಲವಾದರೆ ಚೀಲ ಅಲ್ಲಿ ಎಡವುತ್ತದೆ. ನಾವು ಕಿರು ಕನ್ವೇಯರಿನ ಬೆಲ್ಟಿನ ಕೆಳಗೆ ಒಂದು ಚೌಕ ರೋಲರ್ ಕೂರಿಸುತ್ತೇವೆ. ಅದು ತಿರುಗುವಾಗ ಚೀಲವನ್ನು ಮೆಲ್ಲನೆ ಕುಲುಕುತ್ತದೆ, ಅಕ್ಕಿ ಒತ್ತಿ ಕುಳಿತು ಬಾಯಿಯಲ್ಲಿ ಬಟ್ಟೆ ಹೆಚ್ಚು ಸಿಗುತ್ತದೆ.

ನಿಮ್ಮಂಥ ಮಿಲ್ಲುಗಳಿಗೆ ಇದು ಇನ್ನೂ ಮುಖ್ಯ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂದಾಗ ಬಹಳಷ್ಟು ಮಿಲ್ಲುಗಳು 26 ಕೆ.ಜಿ.ಗೆ ಹೊರಳಿದವು. ಹಲವರು ಚೀಲದ ಅಳತೆಯನ್ನು ಬದಲಿಸಲಿಲ್ಲ. ಒಂದು ಕೆ.ಜಿ. ಹೆಚ್ಚಾದರೆ ಚೀಲದೊಳಗೆ ಅಕ್ಕಿ ಸುಮಾರು ಎರಡು ಸೆಂಟಿಮೀಟರ್ ಮೇಲೇರುತ್ತದೆ, ಅಷ್ಟು ಬಟ್ಟೆ ಹೊಲಿಗೆಗೆ ಇಲ್ಲವಾಗುತ್ತದೆ. ಅಕ್ಕಿಯ ಮಟ್ಟದಿಂದ ಮೇಲೆ ಐದಾರು ಬೆರಳಿನಷ್ಟಾದರೂ ಬಟ್ಟೆ ಇದೆಯೇ ಎಂದು ನೋಡಿಕೊಳ್ಳಿ.

ಸ್ಲ್ಯಾಟ್ ಕನ್ವೇಯರ್ ಕೆಟ್ಟದ್ದಲ್ಲ. 50 ಕೆ.ಜಿ.ಯ ಗೋಣಿಚೀಲಗಳಿಗೆ ಅದು ಬಹಳ ಗಟ್ಟಿ. ಆದರೆ ನುಣುಪಾದ ಬಿಒಪಿಪಿ ಚೀಲ ಲೋಹದ ಹಲಗೆಯ ಮೇಲೆ ಜಾರುತ್ತದೆ. ಅದಕ್ಕೆ ಒರಟು ಮೇಲ್ಮೈಯ ಬೆಲ್ಟೇ ಸೂಕ್ತ.

ಪ್ರಶ್ನೆ ಕೇಳಿದವರು, ಮರುದಿನ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಪ್ಯಾಕಿಂಗ್ ಆರಂಭವಾಗುವ ಮೊದಲೇ ಅಳತೆ ಮಾಡಿದೆವು. 1 ಮೀಟರ್ ಪಟ್ಟಿ ಹೆಡ್ಡಿನಿಂದ ಹೊರಬರಲು ಮೂರು ಸಲವೂ 5.4 ಸೆಕೆಂಡಿನ ಆಸುಪಾಸು ಹಿಡಿಯಿತು, ಅಂದರೆ ನಿಮಿಷಕ್ಕೆ 11 ಮೀಟರಿಗಿಂತ ತುಸು ಹೆಚ್ಚು. ಬೆಲ್ಟಿನ ಗುರುತು 3 ಮೀಟರನ್ನು 10 ಸೆಕೆಂಡಿನಲ್ಲಿ ದಾಟಿತು, ಅಂದರೆ 18 ಮೀಟರ್. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ತಿಂಗಳು ಕಣ್ಣೆದುರಿಗೆ ಇಟ್ಟುಕೊಂಡು ದಾರ, ಸೂಜಿ, ಹೊಲಿಯುವವರ ಕೈ ಎಂದು ಎಲ್ಲವನ್ನೂ ದೂರಿದೆವು. ಬಾಯಿ ಜೋಡಿಸುವ ಹೆಣ್ಣುಮಗಳ ಬಳಿ ಈ ದಿನ ಕ್ಷಮೆ ಕೇಳಿದೆ. ಅವರು ಮೊದಲ ದಿನವೇ, ಚೀಲ ಕೈಯಿಂದ ಓಡಿಹೋಗುತ್ತದೆ ಅಣ್ಣಾ ಎಂದು ಹೇಳಿದ್ದರು.

ವಿಎಫ್‌ಡಿಯನ್ನು 31ಕ್ಕೆ ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ಒಂದೂ ಚೀಲದ ಹೊಲಿಗೆ ಹೊರಗೆ ಜಾರಲಿಲ್ಲ. ಚೀಲಗಳ ಸಂಖ್ಯೆಯನ್ನೂ ಎಣಿಸಿದೆವು. 50 ಹರ್ಟ್ಸ್‌ನಲ್ಲಿ ಎಷ್ಟು ಬರುತ್ತಿದ್ದವೋ ಅಷ್ಟೇ, ನಿಮಿಷಕ್ಕೆ ಆರು.

ಹಾಪರ್ ವಿಷಯದಲ್ಲೂ ಪೀಣ್ಯದವರ ಊಹೆ ನಿಜವಾಗಿದೆ: ಚೀಲ ಸಿಕ್ಕಿಸಿ ಗುಂಡಿ ಒತ್ತಿದ ಮೇಲೆಯೇ ನಮ್ಮ ಯಂತ್ರ ತೂಕ ಆರಂಭಿಸುತ್ತಿದೆ. ಮೆಕ್ಯಾನಿಕ್ ಶನಿವಾರ ಬರುತ್ತಾರೆ. ಇಳಿಯುವ ಎತ್ತರವನ್ನು ಅಳೆದಾಗ ಸರಿಯಾಗಿ ಒಂದು ಗೇಣು ಇತ್ತು. ಇನ್ನೊಂದು ಕಿರು ತೊಂದರೆ ಇದೆ. ಬೆಲ್ಟ್ ಸದಾ ಬಲಕ್ಕೆ ಸರಿದು ಅಂಚು ಸವೆಯುತ್ತಿದೆ. ದಿನಕ್ಕೊಮ್ಮೆ ಬೋಲ್ಟ್ ತಿರುಗಿಸುತ್ತೇವೆ, ಮರುದಿನ ಮತ್ತೆ ಅಲ್ಲೇ ಇರುತ್ತದೆ. ಇದಕ್ಕೇನು ಮಾಡಬೇಕು?

ಉತ್ತರ 3: ಮಿಲ್ ಫಿಟ್ಟರ್, ಸಿಂಧನೂರು

ಬೋಲ್ಟ್ ತಿರುಗಿಸುವ ಮೊದಲು ಬೆಲ್ಟಿನ ಕೆಳಗೆ ಬಗ್ಗಿ ಹಿಂದಿನ ಡ್ರಮ್ಮನ್ನು ನೋಡಿ. ಚೆಲ್ಲಿದ ಅಕ್ಕಿ ಬೆಲ್ಟಿನ ಒಳಮೈಗೆ ಬಿದ್ದು ಡ್ರಮ್ಮಿಗೂ ಬೆಲ್ಟಿಗೂ ನಡುವೆ ಅರೆದುಹೋಗುತ್ತದೆ. ಆ ಹಿಟ್ಟು ಒಂದು ಕಡೆ ಗಟ್ಟಿಯಾಗಿ ಅಂಟಿಕೊಂಡರೆ ಡ್ರಮ್ ಅಲ್ಲಿ ದಪ್ಪವಾದಂತಾಗಿ ಬೆಲ್ಟ್ ಸರಿಯುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ಮುಖ್ಯ ಸ್ವಿಚ್ ಆರಿಸಿ, ಕೆರೆದು ಸ್ವಚ್ಛ ಮಾಡಿ, ಹಿಂದಿನ ಡ್ರಮ್ಮಿನ ಮುಂಚೆ ಬೆಲ್ಟಿನ ಒಳಮೈಗೆ ತಾಗುವಂತೆ ಓರೆಯಾಗಿ ಒಂದು ರಬ್ಬರ್ ಪಟ್ಟಿ ಕಟ್ಟಿದರೆ ಅಕ್ಕಿ ಪಕ್ಕಕ್ಕೆ ಸರಿದು ಕೆಳಗೆ ಬೀಳುತ್ತದೆ.

ಆಮೇಲೂ ಬಲಕ್ಕೆ ಹೋದರೆ ಹಿಂದಿನ ಡ್ರಮ್ಮಿನ ಬಲಗಡೆಯ ಬೋಲ್ಟನ್ನು ಅರ್ಧ ಸುತ್ತು ಬಿಗಿ ಮಾಡಿ, ಬೆಲ್ಟ್ ಹತ್ತು ಹನ್ನೆರಡು ಸುತ್ತು ಓಡುವವರೆಗೆ ಕಾಯಿರಿ. ಅವಸರದಲ್ಲಿ ಎರಡು ಮೂರು ಸುತ್ತು ತಿರುಗಿಸುವುದರಿಂದಲೇ ಬೆಲ್ಟ್ ಇತ್ತಿಂದತ್ತ ಅತ್ತಿಂದಿತ್ತ ಓಡಾಡುತ್ತದೆ.

ಉತ್ತರ 4: ಮಿಲ್ ಸುರಕ್ಷತೆ ನೋಡಿಕೊಳ್ಳುವವರು, ದಾವಣಗೆರೆ

ಇಲ್ಲಿಯವರೆಗಿನ ಮಾತುಗಳು ಚೀಲದ ಕುರಿತಾದವು. ಬಾಯಿ ಜೋಡಿಸುವ ಆ ಹೆಣ್ಣುಮಗಳ ಕುರಿತು ಎರಡು ಮಾತು ಹೇಳಲು ಅನುಮತಿ ಕೊಡಿ. ಅವರ ಕೈ ಸೂಜಿಯಿಂದ ಒಂದು ಗೇಣು ದೂರದಲ್ಲಿ ದಿನಕ್ಕೆ ಸುಮಾರು ನಾಲ್ಕು ಸಾವಿರ ಸಲ ಹೋಗಿ ಬರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಸೀರೆಯ ಸೆರಗು ಬೆಲ್ಟಿಗೂ ಡ್ರಮ್ಮಿಗೂ ನಡುವೆ ಸಿಕ್ಕಿಕೊಂಡಿತು. ನಿಲ್ಲಿಸುವ ಗುಂಡಿ ಆರು ಹೆಜ್ಜೆ ಆಚೆಯ ಪ್ಯಾನಲ್ಲಿನಲ್ಲಿ ಇತ್ತು. ಪಕ್ಕದವರು ಓಡಿಹೋಗಿ ಒತ್ತಿದ್ದರಿಂದ ಅವರು ಉಳಿದರು, ಆದರೆ ಭುಜದ ಕೀಲು ತಪ್ಪಿತ್ತು.

ಕನ್ವೇಯರಿನ ಉದ್ದಕ್ಕೂ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್ ಹಾಕಿಸಿ. ಅದನ್ನು ಎಳೆದಾಗ ಬೆಲ್ಟ್ ಮಾತ್ರವಲ್ಲ, ಹೊಲಿಗೆ ಹೆಡ್ಡೂ ನಿಲ್ಲಬೇಕು. ಎರಡೂ ತುದಿಯ ಡ್ರಮ್ಮುಗಳಿಗೆ ಜಾಲರಿಯ ಮರೆ ಇರಲಿ. ಫಿಟ್ಟರ್ ಮಹಾಶಯರು ಹೇಳಿದ ಬೋಲ್ಟನ್ನು ಮರೆ ತೆಗೆಯದೆ ತಿರುಗಿಸಲು ಬರುವಂತೆ ಅದನ್ನು ಮಾಡಿಸಿ, ಇಲ್ಲವಾದರೆ ಒಮ್ಮೆ ತೆಗೆದ ಮರೆ ಮತ್ತೆ ಕೂರುವುದಿಲ್ಲ. ಕೈ ಸೂಜಿಯ ಹತ್ತಿರ ಹೋಗಬೇಕಾದ ಅಗತ್ಯವನ್ನೇ ತಪ್ಪಿಸಬೇಕೆಂದರೆ, ಚೀಲದ ಬಾಯಿಯನ್ನು ಎರಡೂ ಕಡೆಯಿಂದ ಹಿಡಿದು ಹೆಡ್ಡಿಗೆ ಕೊಡುವ ಜೋಡಿ ಕಿರು ಬೆಲ್ಟುಗಳ ಸಾಧನ ಸಿಗುತ್ತದೆ. ಪೂರ್ಣ ಸ್ವಯಂಚಾಲಿತ ಲೈನಿಗೆ ಮೀಸಲಿಟ್ಟ ಹಣದಲ್ಲಿ ಮೊದಲು ಇದನ್ನು ಕೊಳ್ಳಿ ಎಂಬುದು ನನ್ನ ವಿನಂತಿ.

ಉತ್ತರ 5: ಕನ್ವೇಯರ್ ತಯಾರಕ, ಪೀಣ್ಯ, ಬೆಂಗಳೂರು

ದಾವಣಗೆರೆಯವರ ಸಲಹೆಗೆ ಒಂದನ್ನು ಸೇರಿಸುತ್ತೇನೆ. ಆ ಜೋಡಿ ಬೆಲ್ಟುಗಳೂ ಹೆಡ್ಡಿನ ವೇಗದಲ್ಲೇ ಓಡಬೇಕು, ಆದ್ದರಿಂದ ಪ್ರತ್ಯೇಕ ಮೋಟಾರು ಇರುವುದಕ್ಕಿಂತ ಹೆಡ್ಡಿನ ಮೋಟಾರಿನಿಂದಲೇ ಚಾಲನೆ ಪಡೆಯುವಂಥದ್ದನ್ನು ಆರಿಸಿ. ಆಗ ಮುಂದೆ ಯಾರಾದರೂ ಹೊಲಿಗೆಯ ವೇಗ ಬದಲಿಸಿದರೂ ಅವೆರಡೂ ಜೊತೆಯಾಗಿಯೇ ಬದಲಾಗುತ್ತವೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ಬಳಿಕ

ನಡೆದದ್ದನ್ನು ತಿಳಿಸಬೇಕಾದದ್ದು ನನ್ನ ಕರ್ತವ್ಯ. ಚೀಲ ಬದಲಿಸುವಾಗಲೇ ತೂಕ ಸಿದ್ಧವಾಗುವಂತೆ ಹಾಪರನ್ನು ಮೆಕ್ಯಾನಿಕ್ ಹೊಂದಿಸಿದ್ದಾರೆ. ಕನ್ವೇಯರನ್ನು ಮತ್ತು ಹೆಡ್ಡನ್ನು ನಾಲ್ಕು ಇಂಚು ಎತ್ತರಿಸಿದ್ದೇವೆ; ಕಿರು ಕನ್ವೇಯರ್ ಇನ್ನೂ ಬಂದಿಲ್ಲವಾದ್ದರಿಂದ ತಳ ಪೂರ್ತಿ ತಾಗದಂತೆ ಸ್ವಲ್ಪ ಅಂತರ ಉಳಿಸಿಕೊಂಡಿದ್ದೇವೆ. ಡ್ರಮ್ಮಿನ ಮೇಲೆ ಬಲಗಡೆ ಹೆಬ್ಬೆರಳಿನ ಅಗಲದ ಗಟ್ಟಿ ಹಿಟ್ಟಿನ ಪಟ್ಟಿ ಇತ್ತು, ಕೆರೆದ ಮೇಲೆ ಬೆಲ್ಟ್ ನೇರವಾಗಿ ಓಡುತ್ತಿದೆ. ಹಗ್ಗದ ಸ್ವಿಚ್ಚನ್ನು ಮೊನ್ನೆ ಹಾಕಿಸಿದೆವು, ಹೆಡ್ಡನ್ನೂ ಅದಕ್ಕೇ ಜೋಡಿಸಿದ್ದೇವೆ.

ಈಗ ನಿಮಿಷಕ್ಕೆ ಏಳೂವರೆಯಿಂದ ಎಂಟು ಚೀಲ ಹೊರಬರುತ್ತಿವೆ. ಲಾರಿಗಳು ಸಂಜೆ ಆರರೊಳಗೆ ಹೊರಡುತ್ತಿವೆ. ನಿನ್ನೆ ಹೊಲಿಗೆ ಕೆಟ್ಟದ್ದು ಎರಡೇ ಚೀಲ, ಅದೂ ದಾರ ಮುಗಿದದ್ದನ್ನು ಗಮನಿಸದೆ ಇದ್ದದ್ದರಿಂದ. 31 ಹರ್ಟ್ಸ್ ಎಂಬ ಅಂಕಿಯನ್ನೂ, ಅದನ್ನು ಬದಲಿಸುವ ಮೊದಲು ಪಟ್ಟಿಯ ಪರೀಕ್ಷೆ ಮಾಡಬೇಕೆಂಬ ಸೂಚನೆಯನ್ನೂ ಪ್ಯಾನಲ್ಲಿನ ಬಾಗಿಲ ಒಳಗೆ ಬರೆದು ಅಂಟಿಸಿದ್ದೇನೆ. ಕಿರು ಕನ್ವೇಯರ್ ಬಂದ ಮೇಲೆ ಅದರ ಅಳತೆಗಳನ್ನು ಇಲ್ಲಿಯೇ ಹಾಕುತ್ತೇನೆ.